ತಂಗಿಗೆ ಬಿಪಿಡಿ ಅಂದಿದ್ದಾರೆ, ಜೊತೆಗೆ ಇನ್ನೂ ಮೂರು ಕಾಯಿಲೆ. ಇದೆಲ್ಲ ಚಿಕ್ಕಂದಿನ ನೋವಿನಿಂದಲೇ ಬಂದದ್ದಾ?

ಅಂಕೋಲಾ ಅಕ್ಕ

ನಮ್ಮ ಮನೆ ಅಂಕೋಲಾ ಹತ್ತಿರ. ತಂಗಿಗೆ ಈಗ 24. ಹೈಸ್ಕೂಲಿನಿಂದಲೇ ಅವಳ ಸಿಟ್ಟು, ಅಳು, ತನಗೆ ತಾನೇ ಗಾಯ ಮಾಡಿಕೊಳ್ಳುವುದು ಎಲ್ಲ ಇತ್ತು. ಮೊದಲು ದೃಷ್ಟಿ ತೆಗೆಸಿದರು, ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದರು. ಆಮೇಲೆ ಒಬ್ಬ ಡಾಕ್ಟರ್ ಖಿನ್ನತೆ ಅಂದರು, ಇನ್ನೊಬ್ಬರು ಬೈಪೋಲಾರ್ (ಉನ್ಮಾದ, ಖಿನ್ನತೆ ಬದಲಾಗಿ ಬರುವ ಕಾಯಿಲೆ) ಅಂದರು. ಈಗ ಧಾರವಾಡದಲ್ಲಿ ತೋರಿಸಿದೆವು. ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ (ಅದೇ ಬಿಪಿಡಿ, ಭಾವನೆ, ಸಂಬಂಧ ಹತೋಟಿಯಲ್ಲಿ ಇಟ್ಟುಕೊಳ್ಳಲು ಕಷ್ಟವಾಗುವ ತೊಂದರೆ), ಪಿಟಿಎಸ್‌ಡಿ (ಆಘಾತದ ನಂತರ ಮನಸ್ಸಿನಲ್ಲಿ ಉಳಿಯುವ ತೊಂದರೆ), ಖಿನ್ನತೆ, ಮಿತಿಮೀರಿ ತಿನ್ನುವ ತೊಂದರೆ, ನಾಲ್ಕನ್ನೂ ಬರೆದುಕೊಟ್ಟಿದ್ದಾರೆ.

ಮನೆಯಲ್ಲಿ ಈಗ ದಿನಾ ಜಗಳ. ತಂಗಿ ಎಲ್ಲ ಚಿಕ್ಕಂದಿನಿಂದ ಬಂದದ್ದು ಅನ್ನುತ್ತಾಳೆ. ಅಮ್ಮ "ಹೊಟ್ಟೆಗೆ ಬಟ್ಟೆಗೆ ಏನು ಕಡಿಮೆ ಮಾಡಿದ್ದೆವು" ಎಂದು ಅಳುತ್ತಾರೆ. ಅಪ್ಪ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಜೂನ್, ಜುಲೈನಲ್ಲಿ ಮೀನುಗಾರಿಕೆ ಬಂದ್ ಆದಾಗ ಮನೆಯಲ್ಲೇ ಇರುತ್ತಿದ್ದರು, ಕುಡಿತವೂ ಜಾಸ್ತಿ, ಹೊಡೆತವೂ ಜಾಸ್ತಿ. ಅದಕ್ಕೇ ತಂಗಿಯನ್ನು ಓದಲು ಘಟ್ಟದ ಮೇಲೆ ಸಂಬಂಧಿಕರ ಮನೆಗೆ ಕಳಿಸಿದರು. ಅಲ್ಲಿ ಅವಳಿಗೆ ಆಗಬಾರದ್ದು ಆಯಿತು. ಬಂದು ಹೇಳಿದಳು, ಯಾರೂ ನಂಬಲಿಲ್ಲ.

ನಾನೂ ಅದೇ ಮನೆಯಲ್ಲಿ ಬೆಳೆದವಳು. ನನಗೆ ಏನೂ ಆಗಿಲ್ಲ, ಅವಳಿಗೆ ಯಾಕೆ? ಒಬ್ಬಳಿಗೇ ನಾಲ್ಕು ಕಾಯಿಲೆ ಹೇಗೆ ಬರುತ್ತವೆ? ಡಾಕ್ಟರಿಗೇ ಖಚಿತ ಇಲ್ಲವಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಶಿರಸಿಯಿಂದ

ನಾನು ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ನಿಮ್ಮ ಪ್ರಶ್ನೆಯನ್ನು ಬೇರೆ ಬೇರೆ ಮನೆಗಳಿಂದ ಕೇಳುತ್ತಲೇ ಇರುತ್ತೇನೆ.

ಸಂಬಂಧ ಇದೆ, ಅದರಲ್ಲಿ ಅನುಮಾನ ಬೇಡ. 2020ರಲ್ಲಿ ಹತ್ತಿರ ಹತ್ತಿರ ನೂರು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗ, ಬಿಪಿಡಿ ಇರುವವರಲ್ಲಿ ಸುಮಾರು 71% ಜನ ಬಾಲ್ಯದಲ್ಲಿ ಒಂದಲ್ಲ ಒಂದು ದೊಡ್ಡ ನೋವು ಕಂಡಿದ್ದಾಗಿ ಹೇಳಿದ್ದರು. ನಮ್ಮ ಜನ ಇದನ್ನು ಕೇಳಿದ ಕೂಡಲೇ ಹೊಡೆತ, ಲೈಂಗಿಕ ದೌರ್ಜನ್ಯ ಇಷ್ಟನ್ನೇ ಯೋಚಿಸುತ್ತಾರೆ. ಆದರೆ ಬಿಪಿಡಿ ಜೊತೆ ಅತಿ ಗಟ್ಟಿಯಾಗಿ ಹೆಣೆದುಕೊಂಡಿದ್ದು ಮಾತಿನ, ಮನಸ್ಸಿನ ಹಿಂಸೆ ಮತ್ತು ಮಗುವಿನ ಭಾವನೆಗಳನ್ನು ಕಡೆಗಣಿಸುವುದು. ನಿಮ್ಮ ಅಮ್ಮ ಹೇಳುವುದು ಸುಳ್ಳಲ್ಲ, ಹೊಟ್ಟೆಗೆ ಬಟ್ಟೆಗೆ ಕಡಿಮೆ ಆಗಿರಲಿಕ್ಕಿಲ್ಲ. ಆದರೆ ಭಯಪಟ್ಟು ಬಂದು ಹೇಳಿಕೊಂಡ ಮಗುವನ್ನು ನಂಬದೇ ಇದ್ದದ್ದು ಸಣ್ಣ ಪೆಟ್ಟಲ್ಲ.

ನಿಮಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಬರುತ್ತೇನೆ. ನೋವು ಒಂದೇ ಕಾರಣ ಅಲ್ಲ. ಸ್ವೀಡನ್‌ನಲ್ಲಿ 18 ಲಕ್ಷ ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಪಿಡಿ ಬರುವ ಸಾಧ್ಯತೆಯಲ್ಲಿನ ವ್ಯತ್ಯಾಸದ ಸುಮಾರು 46% ಅನುವಂಶೀಯ ಎಂದು ಕಂಡಿತು. ಕೆಲವು ಮಕ್ಕಳು ಹುಟ್ಟಿನಿಂದಲೇ ಜಾಸ್ತಿ ಸೂಕ್ಷ್ಮ. ಬೇಗ ನೊಂದುಕೊಳ್ಳುತ್ತಾರೆ, ಸಮಾಧಾನ ಆಗಲು ತುಂಬ ಹೊತ್ತು ಬೇಕು. ಡಿಬಿಟಿ ಎಂಬ ಮಾತಿನ ಚಿಕಿತ್ಸೆ ರೂಪಿಸಿದ ಮಾರ್ಷಾ ಲೈನ್‌ಹ್ಯಾನ್ ಹೇಳುವುದು ಇದನ್ನೇ. ಅಂಥ ಮಗುವಿಗೆ "ಸುಮ್ನೆ ನಾಟಕ ಮಾಡಬೇಡ" ಅನ್ನುವ ಮನೆ ಸಿಕ್ಕಿದರೆ, ತನ್ನ ಭಾವನೆಯನ್ನು ತಾನೇ ನಂಬುವುದಕ್ಕೂ, ಸಂಭಾಳಿಸುವುದಕ್ಕೂ ಅದು ಕಲಿಯುವುದಿಲ್ಲ. ಅದೇ ಮನೆಯಲ್ಲಿ ಗಟ್ಟಿ ಸ್ವಭಾವದ ಮಗು ಹೇಗೋ ದಾಟಿಕೊಂಡು ಹೋಗುತ್ತದೆ. ಇನ್ನೊಂದು, ನಿಮ್ಮನ್ನು ಘಟ್ಟ ಹತ್ತಿಸಲಿಲ್ಲ ಅಲ್ವಾ? ಹಾಗಾಗಿ ಇಬ್ಬರದೂ ಒಂದೇ ಬಾಲ್ಯ ಅಲ್ಲವೇ ಅಲ್ಲ.

ಕಾರವಾರ, ಕೋಡಿಬಾಗ

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸಲೇಬೇಕು. ಉಳಿದ 29% ಜನರ ಮನೆಯವರು ನಾವು. ನನ್ನ ಮಗನಿಗೆ ಬಿಪಿಡಿ ಇದೆ. ಅವನೇ ಹೇಳುತ್ತಾನೆ, ಹಾಗೇನೂ ಆಗಿಲ್ಲ ಎಂದು. ಆದರೂ ಒಬ್ಬ ಕೌನ್ಸೆಲರ್ ಪ್ರತಿ ಸಲ ಚಿಕ್ಕಂದಿನಲ್ಲಿ ಏನಾಯಿತು, ನೆನಪು ಮಾಡಿಕೋ ಎಂದು ಕೆದಕಿ ಕೆದಕಿ ಅವನ ನಿದ್ದೆ ಕೆಡಿಸಿದರು. ಬಿಪಿಡಿ ಗುರುತಿಸಲು ಒಂಬತ್ತು ಲಕ್ಷಣಗಳಲ್ಲಿ ಐದು ಇರಬೇಕು ಎನ್ನುವುದು ಡಾಕ್ಟರುಗಳು ಮಾನಸಿಕ ಕಾಯಿಲೆ ಗುರುತಿಸಲು ಬಳಸುವ ಡಿಎಸ್ಎಂ ಕೈಪಿಡಿಯ ನಿಯಮ. ಆ ಒಂಬತ್ತರಲ್ಲಿ ಬಾಲ್ಯದ ಆಘಾತ ಇಲ್ಲ. ಇದ್ದವರಿಗೆ ಇದೆ, ಇಲ್ಲದವರ ಮೇಲೆ ಹೇರಬೇಡಿ.

ಇನ್ನು ಚಿಕಿತ್ಸೆಗೆ ಎಲ್ಲಿಗೆ ಅನ್ನುವುದು. ಡಿಬಿಟಿ ಕಲಿತವರು ನಮ್ಮ ಕಡೆ ಸಿಗುವುದು ಕಷ್ಟ. ನಾವು ನಿಮ್ಹಾನ್ಸ್‌ನಲ್ಲಿ ತೋರಿಸಿಕೊಂಡು ಬಂದು, ಈಗ ಆನ್‌ಲೈನ್‌ನಲ್ಲಿ ಮುಂದುವರಿಸಿದ್ದೇವೆ. ಮಳೆಗಾಲದಲ್ಲಿ ಘಾಟ್ ರಸ್ತೆ ಬಂದ್ ಆದರೂ ಸೆಷನ್ ತಪ್ಪುವುದಿಲ್ಲ, ಅದೇ ದೊಡ್ಡ ಅನುಕೂಲ. ಸಾಯುವ ಮಾತು ಬಂದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತಂಗಿ ಗಾಯ ಮಾಡಿಕೊಂಡಿದ್ದರೆ ಮಾತ್ರ ಫೋನ್ ಹಿಡಿದು ಕೂರಬೇಡಿ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಅಘನಾಶಿನಿ ದಂಡೆ

ನನಗೇ ಬಿಪಿಡಿ ಇದೆ, ಪಿಟಿಎಸ್‌ಡಿಯೂ ಇದೆ. ನಾಲ್ಕು ಹೆಸರು ನೋಡಿ ಹೆದರಬೇಡಿ. ಬಿಪಿಡಿ ಒಂದೇ ಇರುವವರು ಕಡಿಮೆ. ಬಿಪಿಡಿ ಸಂಶೋಧಕಿ ಮೇರಿ ಝನಾರಿನಿ ಅವರ ತಂಡ ಅಮೆರಿಕದಲ್ಲಿ ಆಸ್ಪತ್ರೆಗೆ ಸೇರಿದ ಬಿಪಿಡಿ ರೋಗಿಗಳನ್ನು ನೋಡಿ 1998ರಲ್ಲಿ ಬರೆದ ಪ್ರಕಾರ, ಹತ್ತಿರ ಹತ್ತಿರ ಎಲ್ಲರಿಗೂ ಖಿನ್ನತೆಯಂಥ ಮೂಡ್ ತೊಂದರೆ ಇತ್ತು, ಅರ್ಧಕ್ಕಿಂತ ಜಾಸ್ತಿ ಜನರಿಗೆ ಪಿಟಿಎಸ್‌ಡಿ ಇತ್ತು, ಅಷ್ಟೇ ಪ್ರಮಾಣದಲ್ಲಿ ಊಟದ ತೊಂದರೆಯೂ ಇತ್ತು. ಅವರು ಆಸ್ಪತ್ರೆ ಸೇರುವಷ್ಟು ಕಷ್ಟದಲ್ಲಿದ್ದವರು, ಹೊರಗಿನವರಲ್ಲಿ ಇಷ್ಟು ಇರಲಿಕ್ಕಿಲ್ಲ. ಆದರೂ ನಾಲ್ಕು ಬರೆದ ಡಾಕ್ಟರ್ ಗಲಿಬಿಲಿಗೊಂಡಿದ್ದಾರೆ ಅನ್ನುವುದಕ್ಕಿಂತ ಪೂರ್ತಿ ಕೇಳಿಸಿಕೊಂಡಿದ್ದಾರೆ ಅಂತಲೇ ನನಗೆ ಅನಿಸುತ್ತದೆ. ಒಳಗೆ ಸುಡುವ ನೋವನ್ನು ಒಂದು ಗಳಿಗೆ ಮರೆಯಲು ಒಬ್ಬರು ತಿನ್ನುತ್ತಾರೆ, ಒಬ್ಬರು ಕುಡಿಯುತ್ತಾರೆ, ಒಬ್ಬರು ಗಾಯ ಮಾಡಿಕೊಳ್ಳುತ್ತಾರೆ. ಹೊರಗಿನವರಿಗೆ ಬೇರೆ ಬೇರೆ ಕಾಯಿಲೆ, ನಮಗೆ ಒಳಗೆ ಎಲ್ಲ ಒಂದೇ ಗಂಟು.

ಬೈಪೋಲಾರ್ ಅಂದಿದ್ದರ ಬಗ್ಗೆ. ಈ ಎರಡನ್ನು ಬೇರೆ ಮಾಡುವುದು ನಿಜಕ್ಕೂ ಕಷ್ಟ, ಕೆಲವರಿಗೆ ಎರಡೂ ಇರುತ್ತವೆ. ಬೈಪೋಲಾರ್‌ನ ಉನ್ಮಾದ ದಿನಗಟ್ಟಲೆ, ವಾರಗಟ್ಟಲೆ ಇರುತ್ತದೆ. ನಮ್ಮದು ಗಂಟೆಗಳ ಲೆಕ್ಕ. ಬೆಳಿಗ್ಗೆ ಗೆಳತಿ ಮೆಸೇಜಿಗೆ ಉತ್ತರ ಕೊಡಲಿಲ್ಲ ಎಂದರೆ ಮಧ್ಯಾಹ್ನಕ್ಕೆ ಬದುಕೇ ಬೇಡ ಅನಿಸುತ್ತದೆ, ಸಂಜೆ ಅವಳು ಫೋನ್ ಮಾಡಿದರೆ ಸರಿಹೋಗುತ್ತದೆ.

ಬಿಪಿಡಿಗೆ ಅಂತಲೇ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆಗೆ, ಆತಂಕಕ್ಕೆ ಕೊಡುತ್ತಾರೆ. ತಂಗಿಯ ಮಾತ್ರೆ ಒಮ್ಮೆಲೇ ನಿಲ್ಲಿಸಬೇಡಿ, ಮಾತ್ರೆ ಒಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತಲೂ ಕಾಯಬೇಡಿ. ಬಿಪಿಡಿ ಹತೋಟಿಗೆ ಬಂದಮೇಲೆ ಖಿನ್ನತೆಯೂ ಇಳಿಯುವುದು ಜಾಸ್ತಿ, ಉಲ್ಟಾ ಆಗುವುದು ಕಡಿಮೆ. ಪಿಟಿಎಸ್‌ಡಿ ಕೆಲಸವನ್ನು ನನ್ನ ಥೆರಪಿಸ್ಟ್ ಮೊದಲೇ ಶುರು ಮಾಡಲಿಲ್ಲ. ಮೊದಲು ಗಾಯ ಮಾಡಿಕೊಳ್ಳುವುದು ನಿಲ್ಲಬೇಕು, ಸಿಟ್ಟು ಬಂದಾಗ ಹತ್ತು ನಿಮಿಷ ತಡೆದುಕೊಳ್ಳುವುದು ಬರಬೇಕು, ಆಮೇಲೆ ಹಳೆಯದಕ್ಕೆ ಕೈಹಾಕಿದರು. ಆದ್ದರಿಂದ ಮನೆಯಲ್ಲಿ ಯಾರೂ ತಂಗಿಯನ್ನು ಕೂರಿಸಿಕೊಂಡು ಆವತ್ತು ಏನಾಯಿತು ಹೇಳು ಎಂದು ವಿಚಾರಣೆ ಮಾಡಬೇಡಿ. ನಿನ್ನನ್ನು ನಂಬುತ್ತೇನೆ ಅಂತ ಹೇಳಿ, ಅಷ್ಟು ಸಾಕು. ನನ್ನ ಅಮ್ಮ ಹಾಗೆ ಹೇಳಿದ ದಿನ ನಾನು ಒಂದು ಮಾತೂ ಆಡಲಿಲ್ಲ, ಎದ್ದು ಒಳಗೆ ಹೋದೆ. ಆದರೆ ಅಲ್ಲಿಂದಲೇ ಬದಲಾಯಿತು.

ಮತ್ತೆ ಇದು ಜೀವನಪೂರ್ತಿ ಹೀಗೇ ಇರುವ ಕಾಯಿಲೆ ಅಲ್ಲ. ಅದೇ ಝನಾರಿನಿ ಅವರು ಹತ್ತು ವರ್ಷ ಹಿಂಬಾಲಿಸಿದ ರೋಗಿಗಳಲ್ಲಿ 93% ಜನರಿಗೆ ಕನಿಷ್ಠ ಎರಡು ವರ್ಷ ಲಕ್ಷಣಗಳು ಇಳಿದೇ ಇದ್ದವು. ಅದರ ಜೊತೆ ಕೆಲಸ, ಗೆಳೆತನ ಅಥವಾ ಸಂಸಾರವೂ ಕೂಡಿಬಂದದ್ದು ಅರ್ಧದಷ್ಟು ಜನರಿಗೆ, ಅದನ್ನೂ ಹೇಳಬೇಕು. ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಬೇಡಿ, ಮದುವೆ ಮಾಡಿದರೆ ಸರಿಹೋಗುತ್ತದೆ ಅನ್ನುವವರ ಮಾತನ್ನಂತೂ ಕೇಳಲೇಬೇಡಿ.

ಅಂಕೋಲಾ ಅಕ್ಕ

ಎಲ್ಲರಿಗೂ ಧನ್ಯವಾದ. ಅಮ್ಮನಿಗೆ ಓದಿ ಹೇಳಿದೆ. ನಂಬಲಿಲ್ಲ ಅನ್ನುವ ಜಾಗಕ್ಕೆ ಬಂದಾಗ ಸುಮ್ಮನಾದರು. ಮುಂದಿನ ಸಲ ಧಾರವಾಡಕ್ಕೆ ತಾನೂ ಬರುತ್ತೇನೆ ಅಂದಿದ್ದಾರೆ. ಇನ್ನೊಂದು ಕೇಳಬೇಕಿತ್ತು. ಅಪ್ಪನ ಕುಡಿತ, ಸಂಬಂಧಿಕರ ಮನೆಯ ವಿಷಯ ನಾನು ಡಾಕ್ಟರಿಗೆ ಹೇಳಬಹುದಾ, ಅಥವಾ ತಂಗಿಯೇ ಹೇಳಬೇಕಾ?

ಶಿರಸಿಯಿಂದ

ಕುಡಿತದ ವಿಷಯ ನೀವು ಹೇಳಬಹುದು, ಅದು ನೀವೂ ಕಣ್ಣಾರೆ ಕಂಡದ್ದು. ಸಂಬಂಧಿಕರ ಮನೆಯದ್ದು ತಂಗಿಯದು. ಮೊದಲು ಅವಳನ್ನು ಕೇಳಿ. ಬೇಡ ಅಂದರೆ ಬಿಡಿ, ಅವಳೇ ಹೇಳುವವರೆಗೆ ಕಾಯಿರಿ. ಒಳಗೆ ಅವಳು ಡಾಕ್ಟರ್ ಹತ್ತಿರ ಏನು ಹೇಳಿದಳು ಎಂದು ಹೊರಗೆ ಬಂದಮೇಲೆ ಕೇಳಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆ ಗುಟ್ಟು ಕಾಪಾಡಿಕೊಳ್ಳುವ ಹಕ್ಕು ಅವಳಿಗೆ ಇದೆ. ಅಮ್ಮನಿಗೂ ಹೋಗುವ ಮೊದಲೇ ಇದನ್ನು ಹೇಳಿಡಿ.