ಉಕ್ಕಿನ ವಾಚಿಗೆ ಇಷ್ಟೊಂದು ಬೆಲೆ: ಉಕ್ಕಿನ ಗುಣಕ್ಕೋ, ಕೈಕೆಲಸಕ್ಕೋ?

ಮೈಸೂರಿನ ಅಳಿಯ:

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ ಬರುವ ಮಾಘಕ್ಕೆ ಅರವತ್ತು ತುಂಬುತ್ತದೆ. ಷಷ್ಟ್ಯಬ್ದಿಯ ಉಡುಗೊರೆಯಾಗಿ ಅವರಿಗೆ ಒಂದು ಒಳ್ಳೆಯ ಉಕ್ಕಿನ ಕೈಗಡಿಯಾರ ಕೊಡಬೇಕೆಂದು ನಾನೂ ನನ್ನ ಹೆಂಡತಿಯೂ ಮೂರು ವರ್ಷಗಳಿಂದ ಹಣ ಕೂಡಿಡುತ್ತಿದ್ದೇವೆ. ಕಳೆದ ತಿಂಗಳು ಬೆಂಗಳೂರಿನ ಅಂಗಡಿಯೊಂದರಲ್ಲಿ ಸುಮಾರು ಇಪ್ಪತ್ತು ಸಾವಿರದ ಒಂದು ವಾಚು, ಒಂದು ಟ್ಯೂಡರ್ ಮತ್ತು ಒಂದು ರೋಲೆಕ್ಸ್, ಈ ಮೂರನ್ನೂ ಒಂದೇ ಟ್ರೇಯಲ್ಲಿ ಇಡಿಸಿಕೊಂಡು ನೋಡಿದೆವು. ಮೊದಲೆರಡರದು 316ಎಲ್ ಉಕ್ಕು, ರೋಲೆಕ್ಸಿನದು 904ಎಲ್ ಉಕ್ಕು, ಅದು ಬಹಳ ಗಟ್ಟಿಯಾದುದರಿಂದ ಗೀರು ಬೀಳುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಪಾತ್ರೆ ವ್ಯಾಪಾರ ಮಾಡುವ ನನ್ನ ಭಾವ ಇದನ್ನು ಕೇಳಿ ನಕ್ಕುಬಿಟ್ಟರು. ಟಿಫನ್ ಡಬ್ಬಿಯದೂ ಅದೇ ಜಾತಿಯ ಲೋಹ, ಕಿಲೋಗೆ ಕೆಲವು ನೂರು ರೂಪಾಯಿ, ಉಳಿದದ್ದೆಲ್ಲ ಹೆಸರಿಗೆ ಕೊಡುವ ದುಡ್ಡು ಎಂಬುದು ಅವರ ವಾದ.

ಆದರೆ ನನ್ನ ಕಣ್ಣಿಗೆ ವ್ಯತ್ಯಾಸ ಕಂಡದ್ದಂತೂ ನಿಜ. ಅಗ್ಗದ ವಾಚಿನಲ್ಲಿ ಮಂದ ಹೊಳಪಿನ ಭಾಗವೂ ಕನ್ನಡಿಯಂತಹ ಭಾಗವೂ ಕೂಡುವಲ್ಲಿ ಗೆರೆ ಕದಡಿದಂತಿತ್ತು. ದುಬಾರಿಯವುಗಳಲ್ಲಿ ಅದು ಚಾಕುವಿನಿಂದ ಕೊರೆದ ಹಾಗಿತ್ತು. ಇದು ಉಕ್ಕಿನಿಂದ ಬಂದ ಅಂದವೋ, ಕೆಲಸದಿಂದ ಬಂದದ್ದೋ? ಇನ್ನೊಂದು ವಿಷಯವನ್ನೂ ಹೇಳಬೇಕು: ಮಾವನವರು ಇರುವುದು ಕುಂದಾಪುರದಲ್ಲಿ, ಸಮುದ್ರಕ್ಕೆ ಅರ್ಧ ಕಿಲೋಮೀಟರು ದೂರದಲ್ಲಿ. ವಾಚನ್ನು ಬೀರುವಿನಲ್ಲಿಡುವ ಜಾಯಮಾನ ಅವರದಲ್ಲ. ದಿನವೂ ಕಟ್ಟಿಕೊಂಡು ತೋಟಕ್ಕೂ ಹೋಗುತ್ತಾರೆ.

ಟೂಲ್‌ರೂಮ್ ನಿವೃತ್ತ:

ನಮಸ್ಕಾರ. ಮೂವತ್ತು ವರ್ಷ ಡೈ ಮತ್ತು ಮೋಲ್ಡುಗಳ ಮಧ್ಯೆ ಕಳೆದವನು ನಾನು, ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಅಂಗಡಿಯವರು ಹೇಳಿದ್ದು ತಪ್ಪು, ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಒಳ್ಳೆಯ ಪಾತ್ರೆಗೆ ಬಳಸುವ 304 ಉಕ್ಕಿನಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್ ಇರುತ್ತವೆ. 316ಎಲ್ ಅದೇ ಮನೆತನದ್ದು. ಆದರೆ ನಿಕಲ್ 10ರಿಂದ 14ರವರೆಗೆ ಏರಿರುತ್ತದೆ, ಜೊತೆಗೆ 2ರಿಂದ 3ರಷ್ಟು ಮಾಲಿಬ್ಡಿನಮ್ ಸೇರಿರುತ್ತದೆ. 904ಎಲ್‌ನಲ್ಲಿ ಕ್ರೋಮಿಯಂ 19ರಿಂದ 23, ನಿಕಲ್ 23ರಿಂದ 28, ಮಾಲಿಬ್ಡಿನಮ್ 4ರಿಂದ 5, ಇವುಗಳ ಮೇಲೆ ಒಂದಿಷ್ಟು ತಾಮ್ರ. ಈ ಉಕ್ಕು ಹುಟ್ಟಿದ್ದೇ ಗಂಧಕಾಮ್ಲವನ್ನು ತಡೆದುಕೊಳ್ಳಬೇಕಾದ ರಾಸಾಯನಿಕ ಕಾರ್ಖಾನೆಗಳಿಗಾಗಿ. ರೋಲೆಕ್ಸ್ ಅದನ್ನು 1985ರಲ್ಲಿ ವಾಚಿನ ಕೇಸಿಗೆ (ಹೊರಕವಚಕ್ಕೆ) ತಂದಿತು, ಈಗ ಆಯ್ಸ್ಟರ್‌ಸ್ಟೀಲ್ ಎಂದು ಕರೆಯುತ್ತದೆ. ಅದೇ ಮನೆಯ ಟ್ಯೂಡರ್ ಇಂದಿಗೂ 316ಎಲ್ ಬಳಸುತ್ತದೆ ಎಂಬುದನ್ನು ಗಮನಿಸಿ.

ಇಷ್ಟೆಲ್ಲ ಸೇರಿಸುವುದು ತುಕ್ಕು ತಡೆಯಲಿಕ್ಕೆ, ಗೀರು ತಡೆಯಲಿಕ್ಕಲ್ಲ. ಗಡಸುತನದಲ್ಲಿ ಎರಡೂ ಉಕ್ಕುಗಳು ವಿಕರ್ಸ್ ಅಳತೆಯ 150ರಿಂದ 200ರ ಆಸುಪಾಸಿನಲ್ಲೇ ಇರುತ್ತವೆ. ನಮ್ಮ ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿರುವ ಬೆಣಚುಕಲ್ಲಿನ ಹರಳು ಅದೇ ಅಳತೆಯಲ್ಲಿ 1,000ವನ್ನು ದಾಟುತ್ತದೆ. ಹೀಗಿರುವಾಗ ವಾಚು ಕಟ್ಟಿಕೊಂಡೇ ಆ ಕಟ್ಟೆಯ ಮೇಲೆ ಮಣಿಕಟ್ಟನ್ನು ಊರಿದರೆ ಲಕ್ಷದ ವಾಚಿಗೂ ಸಾವಿರದ ವಾಚಿಗೂ ಒಂದೇ ಗತಿ. ಮೇಜಿನ ಧೂಳಿನಲ್ಲಿರುವ ಮರಳಿನ ಕಣವೂ ಇದೇ ಕೆಲಸ ಮಾಡುತ್ತದೆ.

ಹಾಗಾದರೆ ದುಡ್ಡು ಎಲ್ಲಿಗೆ ಹೋಗುತ್ತದೆ? ಚೈನು ಸೇರಿದ ವಾಚು ತೂಗುವುದು ಸುಮಾರು 150 ಗ್ರಾಂ; ಅದರಲ್ಲಿರುವ ಲೋಹದ ಬೆಲೆಯಲ್ಲಿ ಇಬ್ಬರಿಗೆ ಊಟವೂ ಬರಲಾರದು. ಬೆಲೆ ಇರುವುದು ಆ ಲೋಹವನ್ನು ಬಗ್ಗಿಸುವ ಕಷ್ಟದಲ್ಲಿ. ಈ ಜಾತಿಯ ಉಕ್ಕು ಒತ್ತಿದಷ್ಟೂ ಗಡಸಾಗುತ್ತದೆ, ಹಾಗಾಗಿ ಪ್ರೆಸ್ಸಿನಲ್ಲಿ ಒಂದು ಪೆಟ್ಟು ಕೊಟ್ಟು, ಕುಲುಮೆಯಲ್ಲಿ ಕಾಯಿಸಿ ಮೆದುಗೊಳಿಸಿ, ಮತ್ತೆ ಪೆಟ್ಟು ಕೊಡಬೇಕು. ಕತ್ತರಿಸುವಾಗ ಟೂಲಿನ ಬಾಯಿಗೆ ಅಂಟಿಕೊಂಡು ಅದನ್ನು ಬೇಗ ಮೊಂಡು ಮಾಡುತ್ತದೆ. ಸುಲಭವಾಗಿ ಕತ್ತರಿಸಲೆಂದು ಉಕ್ಕಿಗೆ ಗಂಧಕ ಬೆರೆಸುವ ರೂಢಿ ಉಂಟು, ಆದರೆ ಗಂಧಕವು ಮ್ಯಾಂಗನೀಸಿನೊಡನೆ ಸೇರಿ ಉಕ್ಕಿನೊಳಗೆ ಸಣ್ಣ ಕಣಗಳಾಗಿ ನಿಲ್ಲುತ್ತದೆ. ಕನ್ನಡಿ ಪಾಲಿಶ್ ಮಾಡುವಾಗ ಅಂಥ ಒಂದು ಕಣ ಕಿತ್ತುಬಂದರೆ ಸೂಜಿಮೊನೆಯಷ್ಟು ಗುಂಡಿ ಬಿದ್ದು, ಅದರ ಹಿಂದೆ ಧೂಮಕೇತುವಿನ ಬಾಲದಂತೆ ಒಂದು ಗೆರೆ ಎಳೆಯುತ್ತದೆ. ನಾವು ಪ್ಲಾಸ್ಟಿಕ್ ಲೆನ್ಸಿನ ಮೋಲ್ಡುಗಳಲ್ಲಿ ಈ ಬಾಲವನ್ನು ಕಂಡು ಇಡೀ ದಿನದ ಕೆಲಸವನ್ನು ಬಿಸಾಡಿದ್ದುಂಟು. ನಿರ್ವಾತದಲ್ಲಿ ಮತ್ತೊಮ್ಮೆ ಕರಗಿಸಿದ ಶುದ್ಧ ಉಕ್ಕು ಬೇಕಾಗುವುದು ಇದಕ್ಕಾಗಿ. ಉಕ್ಕಿನ ಗುಣವು ಅಂದಕ್ಕೆ ನೇರವಾಗಿ ನೆರವಾಗುವುದು ಈ ಒಂದು ಕಡೆ.

ಇನ್ನು ನೀವು ಕಂಡ ಗೆರೆ. ಬಟ್ಟೆಯ ಬಫ್ ಚಕ್ರ ಮೆತ್ತಗಿರುವುದರಿಂದ ಲೋಹದ ಅಂಚಿಗೆ ಬಂದಾಗ ಅದು ಒಳಕ್ಕೆ ಬಾಗಿ ಅಂಚನ್ನು ಸವೆಸಿಬಿಡುತ್ತದೆ. ಗಟ್ಟಿಯಾದ ಚಪ್ಪಟೆ ತಟ್ಟೆಯ ಮುಖಕ್ಕೆ ಕೇಸನ್ನು ಸರಿಯಾದ ಕೋನದಲ್ಲಿ ಹಿಡಿದು ಉಜ್ಜಿದರೆ ಮೈ ಸಮತಟ್ಟಾಗಿಯೂ ಅಂಚು ಚೂಪಾಗಿಯೂ ಉಳಿಯುತ್ತವೆ, ಆದರೆ ಕೈ ಕೂದಲೆಳೆಯಷ್ಟು ವಾಲಿದರೂ ಆ ಕೇಸು ಗುಜರಿಗೆ. ಜಪಾನಿನ ವಾಚು ಕಂಪನಿ ಗ್ರ್ಯಾಂಡ್ ಸೇಕೋದವರು ಹೇಳುವ ‘ಝರಾತ್ಸು’ ಇದೇ ಬಗೆಯ ಕೆಲಸ. ಸಲ್ಲಾಜ್ ಎಂಬ ಹೆಸರು ಹೊತ್ತ ಹಳೆಯ ಪಾಲಿಶ್ ಯಂತ್ರ ಜಪಾನೀಯರ ನಾಲಿಗೆಯಲ್ಲಿ ಹಾಗಾಯಿತು. ಆಮೇಲೆ ಕನ್ನಡಿಯ ಭಾಗವನ್ನು ಮುಚ್ಚಿ, ಉಳಿದ ಕಡೆ ಒಂದೇ ದಿಕ್ಕಿನಲ್ಲಿ ಸಣ್ಣ ಗೆರೆಗಳನ್ನು ಎಳೆಯಬೇಕು.

ಅಂಗಡಿಯಲ್ಲಿ ನೀವೇ ಪರೀಕ್ಷಿಸಬಹುದು. ವಾಚನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಪಟ್ಟಿ ಸಿಕ್ಕಿಸುವ ಕೊಂಬಿನ ಹೊಳೆಯುವ ಮೈಯಲ್ಲಿ ಕೊಳವೆಯ ಪ್ರತಿಬಿಂಬವನ್ನು ನೋಡಿ. ಅದು ಅಂಚಿನವರೆಗೂ ನೆಟ್ಟಗೆ ಹೋದರೆ ಕೆಲಸ ಚೆನ್ನಾಗಿದೆ. ಅಂಚಿನ ಹತ್ತಿರ ಸೊಂಡಿಲಿನಂತೆ ಬಾಗಿದರೆ ಅದು ಬಫ್ ಚಕ್ರದ ಕೆಲಸ.

ಉಕ್ಕಿಗೆ ಚಿನ್ನದ ಬೆಲೆ ಬಂದ ಕತೆಯೂ ಇದೇ. 1972ರಲ್ಲಿ ಓಡೆಮಾರ್ ಪಿಗೆ ಕಂಪನಿ ಜೆರಾಲ್ಡ್ ಜೆಂಟಾ ಅವರು ವಿನ್ಯಾಸ ಮಾಡಿದ ರಾಯಲ್ ಓಕ್ ಅನ್ನು ಹೊರತಂದಾಗ, ಉಕ್ಕಿನ ವಾಚಿಗೆ ಚಿನ್ನದ ವಾಚಿನ ಬೆಲೆ ಕೇಳುತ್ತಾರೆಂದು ಜನ ಬೆರಗಾದರು. ಅದರ ಎಂಟು ಮೂಲೆಯ ಬೆಝೆಲ್‌ನ (ಗಾಜಿನ ಸುತ್ತಲಿನ ಚೌಕಟ್ಟಿನ) ಮೇಲ್ಭಾಗದಲ್ಲಿ ಮಂದ ಗೆರೆಗಳು, ಸುತ್ತಲೂ ತೆಳುವಾದ ಕನ್ನಡಿಯ ಇಳಿಜಾರು, ಮಧ್ಯೆ ಬಿಳಿ ಚಿನ್ನದ ಎಂಟು ತಿರುಪು. 1976ರಲ್ಲಿ ನಾಟಿಲಸ್ ತಂದ ಪಾಟೆಕ್ ಫಿಲಿಪ್, ಜಗತ್ತಿನ ಅತಿ ದುಬಾರಿ ವಾಚುಗಳಲ್ಲೊಂದು ಉಕ್ಕಿನದು ಎಂದು ಜಾಹೀರಾತಿನಲ್ಲೇ ಹೇಳಿಕೊಂಡಿತು.

ವಿಕರ್ಸ್ ವಾದಿ:

ಹಿರಿಯರ ಮಾತಿಗೆ ಒಂದು ತಿದ್ದುಪಡಿ ಬೇಕು. ಉಕ್ಕುಗಳೆಲ್ಲ ಗೀರಿನ ಮುಂದೆ ಸಮಾನವೆಂದು ಓದುಗರು ತಿಳಿದುಕೊಂಡರೆ ಅದು ತಪ್ಪಾಗುತ್ತದೆ. ಶೋಪಾರ್ ಕಂಪನಿ 2019ರಲ್ಲಿ ಆಲ್ಪೈನ್ ಈಗಲ್ ವಾಚಿನೊಡನೆ ತಂದ ಲೂಸೆಂಟ್ ಸ್ಟೀಲ್‌ನ ಗಡಸುತನ 223 ವಿಕರ್ಸ್ ಎಂದು ಹೇಳಿಕೊಳ್ಳುತ್ತದೆ. ಇದು ಹೆಚ್ಚೇ ಹೌದು, ಆದರೆ ಹಿರಿಯರ ಗ್ರಾನೈಟ್ ಕಟ್ಟೆಯ ಮುಂದೆ ಇದೂ ಸೋಲುತ್ತದೆ. ನಿಜವಾದ ವ್ಯತ್ಯಾಸ ಕಾಣುವುದು ಜರ್ಮನಿಯ ಜಿನ್ ಕಂಪನಿಯ ಕೆಲವು ವಾಚುಗಳಲ್ಲಿ. ಅವರು ಉಕ್ಕಿನ ಮೇಲ್ಮೈಯನ್ನು ಮಾತ್ರ ಗಡಸು ಮಾಡಿ 1,200 ವಿಕರ್ಸ್‌ವರೆಗೆ ಒಯ್ಯುತ್ತಾರೆ. ಅದಕ್ಕೂ ಒಂದು ತೊಡಕು ಇದೆ: ಮೇಲ್ಪದರ ತೆಳುವಾದ್ದರಿಂದ, ಜೋರಾಗಿ ಬಡಿದು ಒಮ್ಮೆ ತಗ್ಗು ಬಿದ್ದರೆ ಪಾಲಿಶ್ ಮಾಡಿ ಸರಿಪಡಿಸುವ ದಾರಿ ಮುಚ್ಚಿಹೋಗುತ್ತದೆ. ನನ್ನ ಬಳಿ ಅಂಥದ್ದೊಂದಿದೆ. ಆರು ವರ್ಷಗಳಲ್ಲಿ ಗೀರಿಲ್ಲ ನಿಜ, ಆದರೆ ಸದಾ ಬೂದಿ ಬಳಿದಂತಹ ಅದರ ಮಂದ ಬಣ್ಣವನ್ನು ಷಷ್ಟ್ಯಬ್ದಿಯ ದಿನ ಯಾರೂ ಮೆಚ್ಚಲಾರರು.

ಕಡಲತಡಿ ರಿಪೇರಿ:

ಕುಂದಾಪುರ ಎಂದು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಕರಾವಳಿಯಲ್ಲಿ ವಾಚು ರಿಪೇರಿ ಮಾಡುವವನು, ತಂದೆಯವರ ಕಾಲದಿಂದ ಅದೇ ಅಂಗಡಿ.

ಉಕ್ಕಿಗೆ ತುಕ್ಕು ಹಿಡಿಯದಿರುವುದು ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯಿಂದ. ಗೀರು ಬಿದ್ದರೂ ಗಾಳಿಯಲ್ಲಿರುವ ಆಮ್ಲಜನಕ ತಾಗಿ ಪೊರೆ ಮತ್ತೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೊರಗಿನ ಮೈಗೆ ಏನೂ ಆಗುವುದಿಲ್ಲ. ಕೆಡುವುದು ಗಾಳಿಯಾಡದ ಸಂದಿಯಲ್ಲಿ. ಹಿಂಬದಿಯ ಮುಚ್ಚಳದ ಮರೆ (ತಿರುಪಿನ ಸುತ್ತುಗಳು), ರಬ್ಬರ್ ವಾಷರ್ ಕೂರುವ ಕಾಲುವೆ, ಚೈನಿನ ಪಿನ್ನು ಸಿಕ್ಕುವ ತೂತು, ಇಂಥ ಕಡೆ ಬೆವರು ನಿಂತು, ಅದರ ಉಪ್ಪಿನ ಕ್ಲೋರೈಡು ಪೊರೆಯನ್ನು ತೂತು ಮಾಡಿದರೆ ಅದನ್ನು ಮತ್ತೆ ಕಟ್ಟಲು ಅಲ್ಲಿ ಆಮ್ಲಜನಕ ಇರುವುದಿಲ್ಲ. ಸಂದಿಯೊಳಗಿನ ನೀರು ಆಮ್ಲೀಯವಾಗುತ್ತಾ ಹೋಗಿ ಗುಂಡಿಯನ್ನು ಆಳ ಮಾಡುತ್ತದೆ.

ಕಳೆದ ಮಳೆಗಾಲದಲ್ಲಿ ಮೀನುಗಾರಿಕೆಯವರೊಬ್ಬರು ಹತ್ತು ವರ್ಷ ಬಿಚ್ಚದ ಒಂದು 316ಎಲ್ ವಾಚನ್ನು ತಂದಿದ್ದರು. ಮೇಲಿನಿಂದ ನೋಡಿದರೆ ಹೊಸತರಂತಿತ್ತು. ಮುಚ್ಚಳ ತಿರುಗಿಸಿ ತೆಗೆದಾಗ ಮರೆಯ ತುಂಬ ಕಪ್ಪು ಹಸಿರು ಬಣ್ಣದ ಮೇಣದಂತಹ ಕೊಳೆ; ಅದನ್ನು ಬಿದಿರು ಕಡ್ಡಿಯಿಂದ ಕೆರೆದು, ತೊಳೆದು, ಕಣ್ಣಿಗೆ ಐ ಗ್ಲಾಸ್ ಇಟ್ಟು ನೋಡಿದರೆ ವಾಷರ್ ಕೂರುವ ಜಾಗದಲ್ಲಿ ಗೆದ್ದಲು ತಿಂದ ಮರದ ಹಾಗೆ ಸಾಲಾಗಿ ಏಳೆಂಟು ಗುಂಡಿಗಳಿದ್ದವು. ಹೊಸ ವಾಷರ್ ಹಾಕಿದರೂ ನೀರು ನಿಲ್ಲಲಿಲ್ಲ. ಕೊನೆಗೆ ಆ ಜಾಗವನ್ನು ಲೇಸರ್ ವೆಲ್ಡಿಂಗ್‌ಗೆ ಕಳುಹಿಸಬೇಕಾಯಿತು.

ಈ ಒಂದು ವಿಷಯದಲ್ಲಿ 904ಎಲ್‌ಗೆ ಕೊಡುವ ಹಣಕ್ಕೆ ಅರ್ಥವಿದೆ. ಇಂಥ ಗುಂಡಿಗಳನ್ನು ಉಕ್ಕು ಎಷ್ಟು ತಡೆದೀತು ಎಂದು ತಿಳಿಯಲು ಒಂದು ಲೆಕ್ಕವಿದೆ: ಕ್ರೋಮಿಯಂನ ಶೇಕಡಾವಾರು ಪ್ರಮಾಣಕ್ಕೆ ಮಾಲಿಬ್ಡಿನಮ್‌ನ 3.3 ಪಟ್ಟು, ಸಾರಜನಕದ 16 ಪಟ್ಟು ಕೂಡಿಸುವುದು. 316ಎಲ್‌ಗೆ ಸುಮಾರು 24 ಬರುತ್ತದೆ, 904ಎಲ್‌ಗೆ ಸುಮಾರು 35. ಘಟ್ಟದ ಮೇಲಿನವರಿಗೆ ಈ ವ್ಯತ್ಯಾಸ ಜೀವಮಾನದಲ್ಲಿ ಕಾಣದೆ ಇರಬಹುದು. ನಮ್ಮ ಕಡೆ ಕಾಣುತ್ತದೆ, ಅದೂ ತೊಳೆಯದವರ ಕೈಯಲ್ಲಿ. ನಮ್ಮ ಅಂಗಡಿಗೆ ಈಗಲೂ ಬರುವ ಅಜ್ಜಂದಿರ ವಾಚುಗಳಲ್ಲಿ ಅನೇಕ ಕ್ರೋಮ್ ಲೇಪಿಸಿದ ಹಿತ್ತಾಳೆಯವು, ಹಿಂದಿನ ಮುಚ್ಚಳ ಮಾತ್ರ ಉಕ್ಕಿನದು. ಲೇಪ ಎದ್ದು ಕೊಂಬುಗಳು ಹಸಿರಾಗಿರುತ್ತವೆ. ಅವನ್ನು ನೋಡಿ ಬೆಳೆದ ನನಗೆ 316ಎಲ್ ಕೂಡ ಬಹಳ ದೊಡ್ಡ ಉಪಕಾರವೇ.

ಮೈಸೂರಿನ ಅಳಿಯ:

ತಮ್ಮೆಲ್ಲರಿಗೂ ಕೃತಜ್ಞತೆಗಳು. ಭಾನುವಾರ ಮತ್ತೆ ಅಂಗಡಿಗೆ ಹೋಗಿ ಟ್ಯೂಬ್‌ಲೈಟ್ ಪರೀಕ್ಷೆ ಮಾಡಿದೆ. ಟ್ಯೂಡರ್‌ನಲ್ಲೂ ಗೆರೆ ಅಂಚಿನವರೆಗೆ ನೆಟ್ಟಗೇ ಇತ್ತು. ನಮ್ಮ ಕೈಗೆಟಕುವುದೂ ಅದೇ. ಎರಡು ಸಂದೇಹಗಳು ಉಳಿದಿವೆ. ಮಾವನವರಿಗೆ ಹಳೆಯ ವಾಚಿನ ಚೈನಿನ ಕೆಳಗೆ ಚರ್ಮ ಕೆಂಪಾಗಿ ತುರಿಸುತ್ತಿತ್ತು. ನಿಕಲ್ ಇರುವ ಉಕ್ಕು ಅವರಿಗೆ ಆಗುತ್ತದೆಯೇ? ಮತ್ತು ಕೆಲವು ವರ್ಷಗಳ ನಂತರ ಗೀರುಗಳು ಹೆಚ್ಚಾದಾಗ ಪಾಲಿಶ್ ಮಾಡಿಸಬಹುದೇ?

ವಿಕರ್ಸ್ ವಾದಿ:

ನಿಕಲ್ ಎಷ್ಟಿದೆ ಎಂಬುದಕ್ಕಿಂತ ಎಷ್ಟು ಹೊರಗೆ ಬಿಡುತ್ತದೆ ಎಂಬುದು ಮುಖ್ಯ. ಚರ್ಮಕ್ಕೆ ಬಹುಕಾಲ ತಾಗಿರುವ ವಸ್ತುಗಳಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆಯಾಗಬಾರದೆಂದು ಐರೋಪ್ಯ ಒಕ್ಕೂಟದ ನಿಯಮವಿದೆ. 316ಎಲ್‌ನಲ್ಲಿ ನಿಕಲ್ ಬಿಗಿಯಾಗಿ ಕೂತಿರುವುದರಿಂದ ಬಹುತೇಕರಿಗೆ ತೊಂದರೆಯಾಗುವುದಿಲ್ಲ. ಲೇಪ ಎದ್ದ ಹಳೆಯ ವಾಚಿನಿಂದ ತುರಿಕೆಯಾಗಿದ್ದರೆ ಅದು ಬೇರೆಯೇ ಲೋಹದ ದೋಷವಿರಬಹುದು. ಆದರೂ ಒಮ್ಮೆ ಚರ್ಮದ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಅಲರ್ಜಿ ನಿಕಲ್‌ಗೇ ಎಂದು ಖಚಿತವಾದರೆ ಟೈಟೇನಿಯಂ ವಾಚನ್ನು ನೋಡಿ.

ಟೂಲ್‌ರೂಮ್ ನಿವೃತ್ತ:

ಪಾಲಿಶ್ ವಿಷಯದಲ್ಲಿ ನಾನು ಪೆಟ್ಟು ತಿಂದವನು. ನಿವೃತ್ತಿಯ ವರ್ಷ ಕೊಂಡ ವಾಚನ್ನು ಒಬ್ಬರ ಬಳಿ ಸರ್ವೀಸಿಗೆ ಕೊಟ್ಟಿದ್ದೆ. ನಾನು ಕೇಳದಿದ್ದರೂ ‘ಹೊಸದರ ಹಾಗೆ ಮಾಡಿಕೊಟ್ಟಿದ್ದೇವೆ’ ಎಂದು ಪಾಲಿಶ್ ಮಾಡಿ ಹಿಂದಿರುಗಿಸಿದರು. ಹೊಳಪೇನೋ ಕಣ್ಣು ಕೋರೈಸುವಂತಿತ್ತು, ಆದರೆ ಕೊಂಬಿನ ಇಳಿಜಾರು ಅಂಚುಗಳು ಚೀಪಿದ ಪೆಪ್ಪರ್‌ಮಿಂಟಿನಂತೆ ದುಂಡಗಾಗಿದ್ದವು, ಮಂದ ಗೆರೆಗಳಿದ್ದ ಕಡೆಯೂ ಬಫ್ ಓಡಿಸಿದ್ದರು. ಸವೆದ ಲೋಹ ಮರಳಿ ಬರುವುದಿಲ್ಲ. ಲೇಸರಿನಿಂದ ಲೋಹ ತುಂಬಿ ಮತ್ತೆ ಅಂಚು ಕಟ್ಟುವವರು ಇದ್ದಾರೆ, ಅದರ ಖರ್ಚು ಕೇಳಿ ನಾನು ಸುಮ್ಮನಾದೆ. ಆದುದರಿಂದ ಸರ್ವೀಸಿಗೆ ಕೊಡುವಾಗಲೆಲ್ಲ ‘ಪಾಲಿಶ್ ಬೇಡ’ ಎಂದು ರಸೀದಿಯ ಮೇಲೆಯೇ ಬರೆಸಿಕೊಳ್ಳಿ. ಚೈನಿನ ಕೊಂಡಿಯ ಮೇಲಿನ ಗೀರು ಕಣ್ಣಿಗೆ ಚುಚ್ಚಿದರೆ, ಆ ಕೊಂಡಿಗೆ ಮಾತ್ರ ಹಳೆಯ ಗೆರೆಗಳ ದಿಕ್ಕಿನಲ್ಲೇ ಕೈಯಿಂದ ಕೆಲಸ ಮಾಡಿಸಬಹುದು, ಕೇಸನ್ನು ಮುಟ್ಟಿಸಬೇಡಿ.

ಕಡಲತಡಿ ರಿಪೇರಿ:

ನನ್ನದೊಂದು ಕೊನೆಯ ಮಾತು, ಮಾವನವರಿಗೆ ಹೇಳಲಿಕ್ಕೆ. ರಾತ್ರಿ ಮಲಗುವ ಮುನ್ನ ವಾಚಿನ ಕೀ ಭದ್ರವಾಗಿ ತಿರುಪಿದೆಯೇ ಎಂದು ನೋಡಿ, ನಲ್ಲಿಯ ಸಿಹಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನಿನ ಒಳಮೈಯನ್ನೂ ಮುಚ್ಚಳದ ಸುತ್ತಲನ್ನೂ ಉಜ್ಜಿ ಒರೆಸಲಿ. ಬ್ಲೀಚಿಂಗ್ ದ್ರವ ಮಾತ್ರ ತಾಗಿಸಬಾರದು, ಅದರಲ್ಲಿಯೂ ಕ್ಲೋರೀನಿನ ಅಂಶವೇ ಇರುವುದು. ವಾಷರನ್ನು ಮೂರು ವರ್ಷಕ್ಕೊಮ್ಮೆ ಬದಲಿಸಿ, ಆ ನೆಪದಲ್ಲಿ ಮುಚ್ಚಳದ ಮರೆಯನ್ನೂ ಶುಚಿ ಮಾಡಿಸಲಿ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಮಾಡಿಸಿದರೆ ಒಳ್ಳೆಯದು. ಜೂನ್ ಬಂದ ಮೇಲೆ ನಮ್ಮ ಕಡೆ ಗಾಳಿಯಲ್ಲೇ ನೀರು ತುಂಬಿರುತ್ತದೆ, ಆಗ ಮುಚ್ಚಳ ತೆರೆದರೆ ತೇವ ಒಳಗೇ ಉಳಿದು ಗಾಜಿನ ಮೇಲೆ ಮಂಜು ಕೂರುತ್ತದೆ.