ಅಪ್‌ಡೇಟ್: ಗರ್ಭಕೋಶದ ಗಡ್ಡೆಗೆ ಕೊನೆಗೂ ಏನ್ ಮಾಡಿಸ್ದೆ ಅಂತ

ದಸರಾ ಹೊತ್ತಿಗೆ ಕೇಳಿದ್ನಲ್ಲ, ವಯಸ್ಸು 41, ಗರ್ಭಕೋಶದಲ್ಲಿ 6 ಸೆಂಟಿಮೀಟರ್ ಫೈಬ್ರಾಯ್ಡ್ ಗಡ್ಡೆ, ಡಾಕ್ಟ್ರು ಗರ್ಭಕೋಶನೇ ತೆಗೆಸ್ಬಿಡಿ ಅಂತಿದಾರೆ, ಬೇರೆ ದಾರಿ ಇದ್ಯಾ ಅಂತ. ನೀವೆಲ್ಲ ಹೇಳ್ದಂಗೆ ಮುಂಬೈನ ಮಾಟುಂಗಾದಲ್ಲಿ ಇನ್ನೊಬ್ರು ಡಾಕ್ಟ್ರ ಹತ್ರ ತೋರಿಸ್ದೆ. ಅವ್ರು ಚೀಟಿ ಹಿಂದ್ಗಡೆ ಪೇರಲೆಹಣ್ಣಿನ ಥರ ಗರ್ಭಕೋಶದ ಚಿತ್ರ ಬರ್ದು ತೋರ್ಸಿದ್ರು, ಗಡ್ಡೆ ಎಷ್ಟು ದೊಡ್ಡದು ಅನ್ನೋದಷ್ಟೇ ಅಲ್ಲ ಎಲ್ಲಿ ಕೂತಿದೆ ಅನ್ನೋದೂ ಮುಖ್ಯವಂತೆ, ಒಳಪದರದ ಕಡೆ ಇದ್ರೆ ಚಿಕ್ಕದೇ ಆದ್ರೂ ಬ್ಲೀಡಿಂಗ್ ಜಾಸ್ತಿ, ಹೊರಗಡೆ ಇದ್ರೆ ದೊಡ್ಡದಿದ್ರೂ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ಕ್ಯಾನ್ಸರ್ ಆಗೋದು ತೀರಾ ಅಪರೂಪ ಅಂದಾಗ ಹೋದ ಜೀವ ಬಂತು ನೋಡಿ.

ರಕ್ತನಾಳ ಮುಚ್ಚಿ ಗಡ್ಡೆ ಕುಗ್ಸೋ ಎಂಬೊಲೈಸೇಶನ್, ಬರೀ ಗಡ್ಡೆ ತೆಗೆಯೋ ಮಯೋಮೆಕ್ಟಮಿ, ಎರಡೂ ಹೇಳಿದ್ರು. ನಾನು ಎರಡನೇದು ಮಾಡಿಸ್ದೆ, ದುರ್ಬೀನಲ್ಲಿ, ಅಂದ್ರೆ ಚಿಕ್ಕ ಕ್ಯಾಮೆರಾ ಒಳಗೆ ಬಿಟ್ಟು. ಮುಂದೆ ಹೊಸ ಗಡ್ಡೆ ಬರಬಹುದು ಅಂತ ಮೊದ್ಲೇ ಹೇಳಿದಾರೆ, ಗೊತ್ತಿದ್ದೇ ಒಪ್ಕೊಂಡೆ. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು, ಅದಕ್ಕೆ ಮೊದ್ಲು ಐರನ್ ಡ್ರಿಪ್, ಮುಟ್ಟಿನ ದಿನಗಳಲ್ಲಿ ಬ್ಲೀಡಿಂಗ್ ಕಮ್ಮಿ ಮಾಡೋ ಟ್ರಾನೆಕ್ಸಾಮಿಕ್ ಮಾತ್ರೆ, ಆಮೇಲೆ ಆಪರೇಷನ್.

ಅತ್ತೆ ಮಾತ್ರ ಇನ್ನೂ 'ಮಕ್ಕಳಾಗಿದಾವಲ್ಲ, ಅದ್ಯಾಕೆ ಇಟ್ಕೊಂಡೆ' ಅಂತಾರೆ, ಇವ್ರ ಮನೆ ಹಳೇ ಕುಕ್ಕರ್ ಅನ್ಕೊಂಡಿದಾರೆ! ಮೊನ್ನೆ ಡೊಂಬಿವಲಿ ಲೋಕಲ್ ಟ್ರೈನಲ್ಲಿ ಮುಟ್ಟಿನ ಎರಡನೇ ದಿನವೇ ತಿಳಿ ಹಳದಿ ಚೂಡಿದಾರ್ ಹಾಕ್ಕೊಂಡು ಹೋದೆ, ನಾಲ್ಕು ವರ್ಷ ಆಗಿತ್ತು ಕಪ್ಪು ಬಿಟ್ಟು ಬೇರೆ ಬಣ್ಣ ಹಾಕಿ.