ಮೂತ್ರಕೋಶದ ಸೆನ್ಸರ್ ಮಧ್ಯಾಹ್ನದ ಮೇಲೆ ಕೈಕೊಡುತ್ತಿದೆ (ಅಪ್‌ಡೇಟ್ ಆದಮೇಲೆ?)

ಒದ್ದೆಬೆಕ್ಕು:
ಕಿಬ್ಬೊಟ್ಟೆಗೆ ಅಂಟಿಸುವ ಅಲ್ಟ್ರಾಸೌಂಡ್ ಸೆನ್ಸರ್ ಮೂರು ತಿಂಗಳಿಂದ ಹಾಕುತ್ತಿದ್ದೇನೆ. ಎಷ್ಟು ತುಂಬಿದೆ ಅಂತ ಫೋನಿಗೆ ಹೇಳುತ್ತದಲ್ಲ, ಆ ಥರದ್ದು. ಮೊದಲ ತಿಂಗಳು ಚಿನ್ನ. ಈಗ ಬೆಳಗ್ಗೆ ಸರಿ, ಮಧ್ಯಾಹ್ನದ ಮೇಲೆ ದಂಡ. ನಿನ್ನೆ ಶೇ. 30 ಅಂತ ತೋರಿಸುತ್ತಿತ್ತು. ಎದ್ದು ಬಾಗಿಲ ತನಕ ಹೋಗುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಕೋಣೆ ತುಂಬ ಜನ. ಫೈಲನ್ನು ಮುಂದೆ ಅಡ್ಡ ಹಿಡಿದುಕೊಂಡು ಹೊರಗೆ ಬಂದೆ. ಜೆಲ್ ಹಾಕಿದ್ದೇನೆ, ಚಾರ್ಜ್ ಇದೆ. ಕಂಪನಿಯವರನ್ನು ಕೇಳಿದರೆ ರೀಸ್ಟಾರ್ಟ್ ಮಾಡಿ ಅಂತಾರೆ, ಅಷ್ಟೇ. ಯಾರಿಗಾದರೂ ಹೀಗಾಗಿದೆಯಾ?

ನೀಲಿಹಲ್ಲು:
ಫೋನ್ ಹಿಂದಿನ ಜೇಬಲ್ಲಿ ಇಡುತ್ತೀರಾ? ಬ್ಲೂಟೂತ್ 2.4 ಗಿಗಾಹರ್ಟ್ಸ್. ನಮ್ಮ ಮೈಯಲ್ಲಿರುವ ನೀರು ಅದನ್ನು ಹೀರಿಕೊಳ್ಳುತ್ತದೆ. ಸೆನ್ಸರ್ ಮುಂದೆ, ಫೋನ್ ಹಿಂದೆ, ನಡುವೆ ನೀವು. ಸಿಗ್ನಲ್ ಬರಲ್ಲ.

ಒದ್ದೆಬೆಕ್ಕು:
ಫೋನ್ ಮೇಜಿನ ಮೇಲೆ, ಕಣ್ಣೆದುರಿಗೇ ಇರುತ್ತದೆ.

ನೀಲಿಹಲ್ಲು:
ಹಾಗಾದ್ರೆ ಬ್ಯಾಟರಿ ಆಪ್ಟಿಮೈಸೇಶನ್. ಫೋನ್ ಆಪನ್ನು ಹಿಂದೆಯೇ ಮಲಗಿಸಿಬಿಡುತ್ತದೆ, ನೀವು ನೋಡುವುದು ಹಳೇ ನಂಬರ್. ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ. ನೂರಕ್ಕೆ ನೂರು ಇದೇ.

ಅರವತ್ತರ ಹುಡುಗಿ:
ಜೆಲ್ ಹಾಕಿದ್ದೇನೆ ಅಂದ್ರಿ. ಎಷ್ಟು ಗಂಟೆಗೆ?

ಒದ್ದೆಬೆಕ್ಕು:
ಬೆಳಗ್ಗೆ ಆರಕ್ಕೆ, ಸ್ನಾನ ಆದಮೇಲೆ. ಇನ್ನೇನು, ದಿನಕ್ಕೊಂದು ಸಲ ಸಾಕಲ್ವಾ?

ಅರವತ್ತರ ಹುಡುಗಿ:
ಅಯ್ಯೋ ಮಾರಾಯ್ರೇ. ಅದು ಒಣಗಿ ಹೊಪ್ಪಳೆ ಆಗಿರುತ್ತದೆ. ಸೆನ್ಸರ್ ಮತ್ತು ಚರ್ಮದ ನಡುವೆ ಕೂದಲೆಳೆಯಷ್ಟು ಗಾಳಿ ಸೇರಿದರೂ ಅಲ್ಟ್ರಾಸೌಂಡ್ ಅಲ್ಲಿಂದಲೇ ವಾಪಸ್. ಒಳಗೆ ಹೋಗುವುದೇ ಇಲ್ಲ. ಊಟಕ್ಕೆ ಮುಂಚೆ ಒರೆಸಿ ಹೊಸದಾಗಿ ಹಾಕಿ.

ತಂತಿಗಾರ:
ಈ ಜೆಲ್ ರಗಳೆಯೇ ಬೇಡ ಅಂತ ನಾನು ಪ್ಯಾಡಿಗೇ ಸೆನ್ಸರ್ ಮಾಡಿಕೊಂಡಿದ್ದೇನೆ. ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಚಿಪ್, ಸ್ಟೀಲ್ ದಾರದ ಎರಡು ಹೊಲಿಗೆ, ಅಷ್ಟೇ. ಒದ್ದೆಯಾದರೆ ಎರಡರ ನಡುವಿನ ರೆಸಿಸ್ಟೆನ್ಸ್ ಬೀಳುತ್ತದೆ, ಕೈಪಟ್ಟಿ ಅದುರುತ್ತದೆ. ಮೊದಲು ಬೆಳ್ಳಿ ಲೇಪದ ದಾರ ಹಾಕಿದ್ದೆ, ಒಗೆದೂ ಒಗೆದೂ ಕಪ್ಪಾಯಿತು. ಒಂದೇ ದಿಕ್ಕಿಗೆ ಕರೆಂಟ್ (ಡಿಸಿ) ಹರಿಸಿದರೆ ದಾರ ಸವೆಯುತ್ತದೆ ಅಂತ ಈಗ ಪ್ರತಿ ಅಳತೆಗೂ ಪ್ಲಸ್ ಮೈನಸ್ ಅದಲು ಬದಲು ಮಾಡುತ್ತೇನೆ. ಬಾಕ್ಸ್ ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಫೋಟೋ ಹಾಕಲಾ?

ಅರವತ್ತರ ಹುಡುಗಿ:
ಒದ್ದೆಯಾದ ಮೇಲೆ ಹೇಳೋಕೆ ಮೆಷಿನ್ ಯಾಕೆ? ಅದು ನನಗೇ ಗೊತ್ತಾಗುತ್ತದೆ.

ತಂತಿಗಾರ:
ನಿಮಗೆ ಗೊತ್ತಾಗುತ್ತದೆ ಮೇಡಂ. ಬೆನ್ನುಹುರಿಗೆ ಪೆಟ್ಟಾದವರಿಗೆ ಗೊತ್ತಾಗದೇ ಇರಬಹುದು. ಇದು ನಮ್ಮಣ್ಣನಿಗೆ ಮಾಡಿದ್ದು. ಗಂಟೆಗಟ್ಟಲೆ ಒದ್ದೆಯಲ್ಲಿ ಕೂತರೆ ಚರ್ಮ ಹುಣ್ಣಾಗುತ್ತದೆ. ಸುಮ್ನೆ ಷೋಕಿಗೆ ಮಾಡಿದ್ದಲ್ಲ.

ಅರವತ್ತರ ಹುಡುಗಿ:
ಅಣ್ಣನ ವಿಷಯ ಮೊದಲೇ ಹೇಳಬಾರದಿತ್ತಾ. ತಪ್ಪಾಯ್ತು. ಫೋಟೋ ಹಾಕಿ.

ಹೊಸನೀರು:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನನಗೆ ಸೀನಿದರೆ, ನಕ್ಕರೆ, ಭಾರ ಎತ್ತಿದರೆ ಸೋರುತ್ತದೆ. ನಾನೂ ಈ ಅಲ್ಟ್ರಾಸೌಂಡ್ ಸೆನ್ಸರ್ ತಗೊಳ್ಳಲಾ?

ಅರವತ್ತರ ಹುಡುಗಿ:
ನಿಮ್ಮದು ಒತ್ತಡದ ಸೋರಿಕೆ ಇದ್ದ ಹಾಗಿದೆ. ಎಷ್ಟು ತುಂಬಿದೆ ಅಂತ ಗೊತ್ತಾದರೆ ಸೀನು ನಿಲ್ಲುತ್ತದಾ? ಡಾಕ್ಟರಿಗೆ ತೋರಿಸಿ, ಕೆಳಗಿನ ಸ್ನಾಯುಗಳ ವ್ಯಾಯಾಮ ಕಲಿತುಕೊಳ್ಳಿ. ಆರ್ನಾಲ್ಡ್ ಕೆಗೆಲ್ ಅಂತ ಡಾಕ್ಟರು 1948ರಲ್ಲೇ ಬರೆದದ್ದು. ಸ್ನಾಯು ಎಷ್ಟು ಬಿಗಿಯುತ್ತದೆ ಅಂತ ನೋಡೋಕೆ ಅವರು ಒಂದು ಮೀಟರನ್ನೂ ಮಾಡಿದ್ದರು, ಪೆರಿನಿಯೋಮೀಟರ್ ಅಂತ. ಈಗ ಆಪ್ ಜೊತೆ ಮಾರುವ ಸಾಧನಗಳೆಲ್ಲ ಅದರ ಮೊಮ್ಮಕ್ಕಳು.

ನೀಲಿಹಲ್ಲು:
ಬೆಕ್ಕಣ್ಣಾ, ಬ್ಯಾಟರಿ ಸೆಟ್ಟಿಂಗ್ ನೋಡಿದ್ರಾ?

ಹಳೇ ಸ್ಕ್ಯಾನರ್:
ಎಲ್ಲರೂ 30 ತಪ್ಪು ಅಂತಲೇ ಹೊರಟಿದ್ದೀರಿ. ನಿಜವಾಗಿಯೂ 30 ಇದ್ದಿರಬಹುದಲ್ಲ? ದೊಡ್ಡವರ ಮೂತ್ರಕೋಶ ಸುಮಾರು 400-500 ಎಂಎಲ್ ಹಿಡಿಯುತ್ತದೆ. ಅದು ಅತಿಚುರುಕಾಗಿದ್ದರೆ ಅರ್ಧ ತುಂಬುವ ಮೊದಲೇ ಹಿಂಡಿಬಿಡುತ್ತದೆ. ಆಗ ಸೆನ್ಸರ್ ಹೇಳಿದ್ದೂ ಸರಿ, ಸೋರಿದ್ದೂ ಸರಿ. ಒಂದು ಅಳತೆ ಮಗ್ ಇಟ್ಟುಕೊಳ್ಳಿ. ಮೂರು ದಿನ ಹೊತ್ತು, ಎಂಎಲ್, ಆಪ್ ನಂಬರ್, ಮೂರನ್ನೂ ಬರೆಯಿರಿ. ನೀರು ಕುಡಿಯೋದು ಕಡಿಮೆ ಮಾಡಬೇಡಿ, ಮೂತ್ರ ಗಟ್ಟಿಯಾದರೆ ಇನ್ನೂ ಕೆರಳುತ್ತದೆ.

ಒದ್ದೆಬೆಕ್ಕು:
ಬರೆದೆ. ಬ್ಯಾಟರಿ ಸೆಟ್ಟಿಂಗ್ ಮೊದಲಿಂದಲೂ ಅನ್‌ರಿಸ್ಟ್ರಿಕ್ಟೆಡ್. ಎರಡನೇ ದಿನದಿಂದ ಮಧ್ಯಾಹ್ನವೂ ಜೆಲ್ ಹಾಕಿದೆ.
ಬೆಳಗ್ಗೆ 10: ಆಪ್ 80, ಮಗ್ 340.
ಮಧ್ಯಾಹ್ನ 3, ಹಳೇ ಜೆಲ್: ಆಪ್ 28, ಮಗ್ 350.
ಮಧ್ಯಾಹ್ನ 3, ಹೊಸ ಜೆಲ್: ಆಪ್ 45, ಮಗ್ 360.
ಅಂದ್ರೆ ಸೆನ್ಸರ್ರೇ ಸುಳ್ಳು ಹೇಳುತ್ತಿದೆ. ಜೆಲ್‌ನಿಂದ ಸ್ವಲ್ಪ ಸುಧಾರಿಸಿತು, ಪೂರ್ತಿ ಇಲ್ಲ.

ಹಳೇ ಸ್ಕ್ಯಾನರ್:
ಬೆಳಗ್ಗೆ ಏನು ಕೆಲಸ, ಮಧ್ಯಾಹ್ನ ಏನು ಕೆಲಸ?

ಒದ್ದೆಬೆಕ್ಕು:
ಬೆಳಗ್ಗೆ ನಿಂತು ಪಾಠ ಮಾಡುತ್ತೇನೆ. ಮಧ್ಯಾಹ್ನ ಪೇಪರ್ ತಿದ್ದುವುದು, ಮೀಟಿಂಗು, ಕೂತೇ ಇರುತ್ತೇನೆ. ಅಪ್‌ಡೇಟ್ ಬಂದ ವಾರವೇ ಟೈಮ್‌ಟೇಬಲ್ ಬದಲಾಯಿತು. ಅದಕ್ಕೂ ಇದಕ್ಕೂ ಏನು ಸಂಬಂಧ?

ಹಳೇ ಸ್ಕ್ಯಾನರ್:
ಸಂಬಂಧ ಅಲ್ಲೇ ಇರೋದು ಸಾರ್! ಕೂತಾಗ ಹೊಟ್ಟೆ ಮಡಚುತ್ತದೆ, ಸೆನ್ಸರಿನ ಮೇಲಂಚನ್ನು ಮುಂದಕ್ಕೆ ತಳ್ಳುತ್ತದೆ. ಕಿರಣ ಮೂತ್ರಕೋಶದ ಕಡೆ ಹೋಗದೆ ಪಕ್ಕದಲ್ಲಿ ಸಾಗುತ್ತದೆ. ಕ್ಯಾಲಿಬ್ರೇಶನ್, ಅಂದ್ರೆ ಸೆನ್ಸರಿಗೆ ಅಳತೆ ಹೊಂದಿಸೋದು, ಹೇಗೆ ಮಾಡಿದ್ರಿ?

ಒದ್ದೆಬೆಕ್ಕು:
...ಮಂಚದ ಮೇಲೆ ಅಂಗಾತ ಮಲಗಿ. ಪುಸ್ತಕದಲ್ಲಿ ಹಾಗೇ ಇತ್ತು. ಹೊಟ್ಟೆ ಸ್ವಲ್ಪ ಇದೆ, ಹೇಳಬೇಕು ಅನಿಸಲಿಲ್ಲ.

ಅರವತ್ತರ ಹುಡುಗಿ:
ಸ್ವಲ್ಪವಾ?

ಒದ್ದೆಬೆಕ್ಕು:
ಸರಿ, ಜಾಸ್ತಿನೇ ಇದೆ.

ಹಳೇ ಸ್ಕ್ಯಾನರ್:
ಹೊಟ್ಟೆ ಮಡಿಕೆಯ ಕೆಳಗೆ, ಕಿಬ್ಬೊಟ್ಟೆಯ ಕೆಳತುದಿಯಲ್ಲಿ ಕೈಗೆ ಸಿಗುವ ಮೂಳೆಯ ಅಂಚಿಗೆ ಒಂದು ಬೆರಳು ಮೇಲೆ ಅಂಟಿಸಿ. ಮೂಳೆಯ ಮೇಲೇ ಬಂದರೂ ಕೆಲಸ ಮಾಡಲ್ಲ. ಕುರ್ಚಿಯಲ್ಲಿ ಕೂತೇ ಇನ್ನೊಮ್ಮೆ ಕ್ಯಾಲಿಬ್ರೇಟ್ ಮಾಡಿ, ಬೆನ್ನು ಸ್ವಲ್ಪ ಹಿಂದಕ್ಕೆ ಒರಗಿಸಿ.

ಒದ್ದೆಬೆಕ್ಕು:
ನಾಲ್ಕು ದಿನ ಆಯಿತು. ಕೂತಾಗ 70ರ ಮೇಲೆ ಸರಿಯಾಗಿ ಎಚ್ಚರಿಸುತ್ತಿದೆ. ನಿನ್ನೆ ಒಮ್ಮೆ ಮಾತ್ರ ಬಿದ್ದ ಪೆನ್ ಎತ್ತಲು ಬಗ್ಗಿದೆ, 75 ಇದ್ದದ್ದು 20ಕ್ಕೆ ಬಿತ್ತು. ನೆಟ್ಟಗೆ ಕೂತಮೇಲೆ ವಾಪಸ್ ಬಂತು. ಪ್ಯಾಡ್ ಬಿಡುವ ಧೈರ್ಯ ಇನ್ನೂ ಇಲ್ಲ. ಆದರೆ ಮೀಟಿಂಗಲ್ಲಿ ಬಾಗಿಲ ಪಕ್ಕದ ಕುರ್ಚಿ ಬಿಟ್ಟು ಒಳಗೆ ಕೂತೆ.

ನೀಲಿಹಲ್ಲು:
20ಕ್ಕೆ ಬಿತ್ತಾ? ಅದು ಬ್ಲೂಟೂತ್ ಡ್ರಾಪ್. ನಾನು ಮೊದಲೇ ಹೇಳಿದ್ದೆ.

ತಂತಿಗಾರ:
ಫೋಟೋ ಅಪ್‌ಲೋಡ್ ಆಗುತ್ತಿಲ್ಲ. ಸೈಜ್ ಜಾಸ್ತಿ ಅಂತ ಬರುತ್ತಿದೆ. ಏನು ಮಾಡಲಿ?